ನಡಾವಳಿ ಬರೆಯುವವಳು

ಮನೆಯೊಂದು ಮೂರು ಬಾಗಿಲು ಅಂತಾರಲ್ಲ,
ನಮ್ಮಲ್ಲಿ ಹಾಗಲ್ಲ:
ಮನೆ ನೂರಹದಿನಾಲ್ಕು, ಬಾಗಿಲಿಗೆ ಒಂದೇ ಬಣ್ಣ.
ಒಣಮಣ್ಣಿನ ಬಣ್ಣವದು; ಡಬ್ಬದ ಮೇಲೆ ಮಾತ್ರ
‘ಮರುಭೂಮಿಯ ಮುಂಜಾವು’ ಎಂದು ಹೆಸರು.
ಟೂಸಾನಿನ ಅಂಚಿಗೆ, ಕಳ್ಳಿಗಳು ಕೈಯೆತ್ತಿ ನಿಂತಲ್ಲಿ
ರಸ್ತೆ ಮುಗಿಯುತ್ತದೆ,
ನಿಯಮ ಶುರುವಾಗುತ್ತದೆ.

ನಾನು ವರ್ಲೀನ್. ಇಪ್ಪತ್ತೆರಡು ವರ್ಷ
ಶಾಲೆಯ ಬಸ್ಸು ಓಡಿಸಿದವಳು.
ಕೈಬರಹ ದುಂಡಗಿದೆ ಎಂಬ ಒಂದೇ ತಪ್ಪಿಗೆ
ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದೆ.

ಮೊದಲ ಪತ್ರ ಯುಸೆಬಿಯೊ ಮೊಂಟಾನ್ಯೊಗೆ.
ಹಿತ್ತಲಲ್ಲಿ ಹಾಯುವ ಒಣಹಳ್ಳಕ್ಕೆ ಅಡ್ಡಲಾಗಿ
ಮೊಣಕಾಲೆತ್ತರ ಕಲ್ಲು ಪೇರಿಸಿ
ಬೀನ್ಸ್ ಬಳ್ಳಿ ಹಬ್ಬಿಸಿದ್ದ.
‘ಜಾಗ ನನ್ನದು, ಕಲ್ಲು ನನ್ನದು,
ಬೆನ್ನುನೋವೂ ನನ್ನದೇ’ ಎಂದ.
ನಕ್ಕೆವು. ನಗಬಾರದಿತ್ತು.

ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೆ?
ಜುಲೈ ಒಂಬತ್ತರ ಸಂಜೆ, ಮುಕ್ಕಾಲು ತಾಸಿನ ಮಳೆ
ಕಲ್ಲಿಗೆ ಡಿಕ್ಕಿ ಹೊಡೆದು, ಎಡಕ್ಕೆ ಹೊರಳಿ,
ಬೇಲಿ ಮುರಿದು
ಓಡಾ ಲಿಂಡ್‌ಕ್ವಿಸ್ಟಳ ಅಡಿಗೆಮನೆಗೆ ಬಂತು.
ಅವಳ ಗಂಡನ ಉಸಿರಿನ ಯಂತ್ರ
ಮೇಜಿನ ಮೇಲಿತ್ತು, ಪುಣ್ಯಕ್ಕೆ.
ಕೆಸರಲ್ಲಿ ತೇಲುತ್ತಿದ್ದವು ಮೊಂಟಾನ್ಯೊನ ಎಳೆಕಾಯಿ.
ಅಂದು ತಿಳಿಯಿತು:
ಬೇಲಿ ಅವರವರದು,
ಇಳಿಜಾರು ಎಲ್ಲರದು.

ಗೆದ್ದ ಸಂಘಕ್ಕೆ ಹಸಿವು ಹೆಚ್ಚು.
ಅಧ್ಯಕ್ಷ ಹಾಲಿಸ್ ಕೆಟರಿಂಗ್ ಟೇಪು ಹಿಡಿದು ಹೊರಟ.
ಕಸದ ಡಬ್ಬಿ ಬೀದಿಗೆ ಎಷ್ಟು ಅಡಿ,
ಜಗುಲಿಯ ಗಾಳಿಗಂಟೆ ಎಷ್ಟು ಜೋರು,
ತೀರಿಕೊಂಡ ನಾಯಿಯ ಹೆಸರು ಕೆತ್ತಿದ ಹಲಗೆ
ಎಷ್ಟು ಬೆರಳು ಅಗಲ.
ಪತ್ರ, ಪತ್ರದ ಮೇಲೆ ಪತ್ರ,
ಎಲ್ಲವೂ ನನ್ನದೇ ದುಂಡು ಅಕ್ಷರ.

ನಲವತ್ತೇಳನೆಯ ಮನೆ. ಡೆಲ್ಫಾ ಯಾಝಿ,
ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಮಲಗುವ ಕೋಣೆಯ ಕಿಟಕಿಗೆ
ರೊಟ್ಟಿ ಸುತ್ತುವ ಬೆಳ್ಳಿಹಾಳೆ ಅಂಟಿಸಿದ್ದಳು,
ಹಗಲನ್ನು ಹೊರಗಿಡಲು.
ನಿಯಮ ಹದಿನೇಳು: ಕಿಟಕಿಯಲ್ಲಿ
ಹೊಳೆಯುವುದೇನೂ ಇರತಕ್ಕದ್ದಲ್ಲ.
ದಿನಕ್ಕೆ ಇಪ್ಪತ್ತೈದು ಡಾಲರು ದಂಡ.

ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಸಭೆಗೆ ಬಂದಳು.
ಕೂರಲಿಲ್ಲ. ಕೂತರೆ ನಿದ್ದೆ ಹತ್ತುತ್ತದೆ ಎಂದಳು.
‘ನೀರು ಎಲ್ಲರದು, ಒಪ್ಪಿದೆ.
ಹೂಳೆತ್ತಲು ಕರೆಯಿರಿ, ಬರುತ್ತೇನೆ.
ನನ್ನ ನಿದ್ದೆ ಯಾವ ಇಳಿಜಾರಿನಲ್ಲಿ ಹರಿದು
ಯಾರ ಅಡಿಗೆಮನೆಗೆ ನುಗ್ಗಿತು,
ಅದನ್ನು ಹೇಳಿ.’

ಪರ ಎರಡು. ವಿರೋಧ ಎರಡು.
ಐದನೆಯವಳು ನಾನು.
ಪೆನ್ನು ಒಣಗಿದೆ ಎಂದು ಸುಳ್ಳು ಹೇಳಿದೆ.
‘ಮುಂದೂಡಲಾಗಿದೆ’ ಎಂದು ಬರೆದೆ,
ಅದೇ ಪೆನ್ನಿನಲ್ಲಿ.

ಬಸ್ಸಿನಲ್ಲಿ ಸುಲಭವಿತ್ತು.
ಕೂತಷ್ಟು ಹೊತ್ತು ಎಲ್ಲರಿಗೂ ಒಂದೇ ದಾರಿ,
ಕಿರುಚಿದರೆ ಕನ್ನಡಿಯಲ್ಲಿ ನನ್ನ ಕಣ್ಣು.
ಇಳಿದ ಮೇಲೆ,
ಯಾವ ಮಗುವಿನ ಹಿಂದೆಯೂ
ಬಸ್ಸು ಹೊಸಿಲು ದಾಟಲಿಲ್ಲ.

ಮರುದಿನ ಮಧ್ಯಾಹ್ನ ಆ ಕಿಟಕಿಯೆದುರು ನಿಂತೆ.
ಸುಕ್ಕುಸುಕ್ಕು ಹಾಳೆಯಲ್ಲಿ ಇಡೀ ಬೀದಿ ಕಂಡಿತು:
ಒಂದೇ ಬಣ್ಣದ ಬಾಗಿಲುಗಳೆಲ್ಲ
ಮಡಿಕೆಗೊಂದು ಬಣ್ಣವಾಗಿ ಒಡೆದಿದ್ದವು.
ನಡುವೆ ಒಬ್ಬ ಮುದುಕಿ,
ಮೂಗು ಸೊಟ್ಟ, ಕೈಯಲ್ಲಿ ಲಕೋಟೆ.
ಒಳಗೆ ಯಾರೋ ಮಗ್ಗುಲಾದ ಸದ್ದು.
ಬೆಲ್ಲು ಒತ್ತಲಿಲ್ಲ.

ಶನಿವಾರ ಹಳ್ಳದ ಹೂಳೆತ್ತಿದೆವು.
ಮೊಂಟಾನ್ಯೊ ತನ್ನ ಕಲ್ಲು ತಾನೇ ಕಿತ್ತ,
ದಡದಲ್ಲಿ ಎರಡು ಮಾತ್ರ ಉಳಿಸಿ ‘ಕೂರುವುದಕ್ಕೆ’ ಎಂದ.
ಅಳೆಯಲು ಬಂದ ಕೆಟರಿಂಗ್
ಬಿಸಿಲಿಗೆ ಸೋತು ಅದರ ಮೇಲೇ ಕೂತ.
ಡೆಲ್ಫಾ ಮೂರು ಚೀಲ ಮರಳು ತುಂಬಿ
ಯಾರಿಗೂ ಹೇಳದೆ ಮಲಗಲು ಹೋದಳು.

ದಂಡ ಇನ್ನೂ ಪುಸ್ತಕದಲ್ಲಿದೆ, ಮುನ್ನೂರೈವತ್ತು.
ಸಭೆ ಗುರುವಾರ.
ಈ ಸಾರಿ
ಎರಡು ಪೆನ್ನು ಒಯ್ಯುತ್ತೇನೆ.